ಶಿವರಾತ್ರಿಯಿಂದ ಬಸವ ಜಯಂತಿಯವರೆಗೆ: ಕೇದಾರಕ್ಕೆ ಹೊರಡುವವರ ಉಸಿರಿನ ಸಿದ್ಧತೆ

ನಮ್ಮ ಸದ್ಭಕ್ತರಲ್ಲಿ ಹಿಮಾಲಯದ ಯಾತ್ರೆಗೆ ಹೊರಡುವವರು ಈಗ ಅಪರೂಪದವರಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಊರೂರುಗಳಿಂದ ತಂಡ ಕಟ್ಟಿಕೊಂಡು ಕೇದಾರನಾಥಕ್ಕೆ ಹೋಗಿಬರುವುದು ರೂಢಿಯಾಗಿದೆ. ಕೇದಾರದ ರಾವಲರೂ ಅಲ್ಲಿನ ಅರ್ಚಕರೂ ಕರ್ನಾಟಕದ ಕಡೆಯ ವೀರಶೈವ ಪರಂಪರೆಗೆ ಸೇರಿದವರಾದುದರಿಂದ, ಅಷ್ಟು ದೂರದ ಬೆಟ್ಟವೂ ನಮ್ಮವರಿಗೆ ಪರಕೀಯವೆನಿಸುವುದಿಲ್ಲ. ತೀರ್ಥಯಾತ್ರೆಯ ಬಗೆಗೆ ಶರಣರ ನಿಲುವೇನು ಎಂಬ ಚರ್ಚೆಯನ್ನು ಬಲ್ಲವರು ಈ ಪತ್ರಿಕೆಯ ಬೇರೆ ಪುಟಗಳಲ್ಲಿ ನಡೆಸಲಿ. ಹೋಗುವವರು ಹೋಗುತ್ತಲೇ ಇದ್ದಾರೆ. ಅವರು ಕ್ಷೇಮವಾಗಿ ಮರಳಬೇಕೆಂಬುದು ವೈದ್ಯರಾದ ನಮ್ಮ ಕಾಳಜಿ.

ಈ ಕಾಳಜಿಗೆ ಕಾರಣವುಂಟು. 2022ರ ಒಂದೇ ಯಾತ್ರಾಕಾಲದಲ್ಲಿ ಉತ್ತರಾಖಂಡದ ನಾಲ್ಕು ಧಾಮಗಳ ದಾರಿಯಲ್ಲಿ ಇನ್ನೂರಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಹೃದಯದ ತೊಂದರೆಯಿಂದ ಪ್ರಾಣ ಬಿಟ್ಟವರು. ಪ್ರಪಾತಕ್ಕೆ ಬಿದ್ದವರಾಗಲಿ ಪ್ರವಾಹದಲ್ಲಿ ಕೊಚ್ಚಿಹೋದವರಾಗಲಿ ಅಲ್ಲ. ಮನೆಯಿಂದ ನಗುತ್ತ ಹೊರಟ ಹಿರಿಯರ ಪಾರ್ಥಿವ ಶರೀರ ವಿಮಾನದಲ್ಲಿ ಮರಳುವಂತಾದರೆ, 'ಪುಣ್ಯಕ್ಷೇತ್ರದಲ್ಲಿ ಲಿಂಗೈಕ್ಯರಾದರು' ಎಂದು ಮನಸ್ಸಿಗೆ ಸಮಾಧಾನ ತಂದುಕೊಳ್ಳುವುದು ಸುಲಭ. ಆದರೆ ಆ ಮರಣಗಳಲ್ಲಿ ತಡೆಯಬಹುದಾಗಿದ್ದವು ಎಷ್ಟೋ ಇದ್ದವು ಎಂಬುದನ್ನು ವೈದ್ಯರು ಮರೆಮಾಚಲಾಗದು.

ಟಿಕೆಟ್ಟು, ನೋಂದಣಿ, ಉಣ್ಣೆಯ ಬಟ್ಟೆ, ರೊಟ್ಟಿ-ಚಟ್ನಿಪುಡಿಯ ಗಂಟು, ಸರ್ಕಾರದ ಸಹಾಯಧನಕ್ಕೆ ಬೇಕಾದ ದಾಖಲೆ, ಇವೆಲ್ಲಕ್ಕೂ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಬೆಟ್ಟ ಹತ್ತಬೇಕಾದ ದೇಹಕ್ಕೆ, ಅದರಲ್ಲಿಯೂ ಉಸಿರಿಗೆ, ಒಂದು ದಿನದ ಸಿದ್ಧತೆಯೂ ಇರುವುದಿಲ್ಲ. ಯಾತ್ರೆಯ ಸಂಕಲ್ಪದೊಡನೆಯೇ ಉಸಿರಿನ ತರಬೇತಿಯೂ ಆರಂಭವಾಗಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಎತ್ತರದಲ್ಲಿ ಕಡಿಮೆಯಾಗುವುದೇನು?

ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲೇ ಕಡಿಮೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಹಿರಿಯೂರಿನಲ್ಲಾಗಲಿ ಕೇದಾರದಲ್ಲಾಗಲಿ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಆಮ್ಲಜನಕವೇ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಗಾಳಿ ತೆಳುವಾಗುತ್ತದೆ. ಒಂದು ಉಸಿರಿನಲ್ಲಿ ಒಳಗೆ ಹೋಗುವ ಗಾಳಿಯ ಗಾತ್ರ ಅಷ್ಟೇ ಇದ್ದರೂ ಅದರೊಳಗಿನ ಆಮ್ಲಜನಕ ಕಡಿಮೆಯಾಗಿರುತ್ತದೆ.

ಚಿತ್ರದುರ್ಗ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಗೌರಿಕುಂಡ ಸುಮಾರು 1,980 ಮೀಟರ್, ಕೇದಾರನಾಥ ಸುಮಾರು 3,580 ಮೀಟರ್. ಕೇದಾರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಿಮೆ. ನಮ್ಮ ದುರ್ಗದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕವನ್ನು ನೂರು ಎಂದುಕೊಂಡರೆ ಅಲ್ಲಿ ಸಿಗುವುದು ಸುಮಾರು ಎಪ್ಪತ್ತು. ಶ್ರಮದ ಕೆಲಸದಲ್ಲಿ ಶರೀರ ಒಂದು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬುದೇ ಅದರ ದುಡಿಯುವ ಸಾಮರ್ಥ್ಯದ ಅಳತೆ. 1,500 ಮೀಟರ್ ದಾಟಿದ ಮೇಲೆ ಈ ಸಾಮರ್ಥ್ಯ ಪ್ರತಿ ನೂರು ಮೀಟರಿಗೆ ಹೆಚ್ಚುಕಡಿಮೆ ಶೇ. 1ರಂತೆ ಇಳಿಯುತ್ತದೆ. ಕೇದಾರವನ್ನು ತಲುಪುವಷ್ಟರಲ್ಲಿ ಐದನೆಯ ಒಂದು ಭಾಗ ಹೋಗಿರುತ್ತದೆ. ಊರಿನಲ್ಲಿ ಗುಡ್ಡ ಹತ್ತಲು ಬೇಕಾಗುವಷ್ಟೇ ಶಕ್ತಿ ಅಲ್ಲಿನ ಗುಡ್ಡಕ್ಕೂ ಬೇಕು; ಆದರೆ ಚೀಲದಲ್ಲಿರುವ ಬಂಡವಾಳವೇ ಕಡಿಮೆ.

ಗೌರಿಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರ್ ನಡಿಗೆ. ಒಂದೇ ದಿನದಲ್ಲಿ 1,600 ಮೀಟರ್ ಏರಿಕೆ. ಕುದುರೆ, ಡೋಲಿ, ಹೆಲಿಕಾಪ್ಟರುಗಳು ಕಾಲಿನ ಶ್ರಮವನ್ನು ತಪ್ಪಿಸುತ್ತವೆಯೇ ಹೊರತು ತೆಳುಗಾಳಿಯನ್ನು ತಪ್ಪಿಸುವುದಿಲ್ಲ. ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇ ನಿರ್ಮಿಸಲು 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಅನುಮೋದನೆ ನೀಡಿದೆ. ಎಂಟೊಂಬತ್ತು ಗಂಟೆಯ ದಾರಿ 36 ನಿಮಿಷಕ್ಕೆ ಇಳಿಯುವುದಂತೆ. ಮಂಡಿನೋವಿನವರಿಗೆ ಇದು ಸಂತಸದ ಸುದ್ದಿ ಸರಿ. ಆದರೆ ಎತ್ತರಕ್ಕೆ ಹೊಂದಿಕೊಳ್ಳಲು ಶರೀರಕ್ಕೆ ಸಿಗುತ್ತಿದ್ದ ಅಲ್ಪಸ್ವಲ್ಪ ಸಮಯವೂ ಅದರಿಂದ ಇಲ್ಲವಾಗುತ್ತದೆ. ವೇಗ ಹೆಚ್ಚಿದಷ್ಟೂ ಊರಿನಲ್ಲೇ ಮಾಡಿಕೊಳ್ಳಬೇಕಾದ ಸಿದ್ಧತೆಯ ಮಹತ್ತ್ವ ಹೆಚ್ಚುತ್ತದೆ.

ಉಸಿರಾಟಕ್ಕೂ ಸ್ನಾಯುಗಳುಂಟು

ಶ್ವಾಸಕೋಶ ತಾನಾಗಿಯೇ ಹಿಗ್ಗಲಾರದು. ಅದನ್ನು ಹಿಗ್ಗಿಸುವುದು ಸ್ನಾಯುಗಳ ಕೆಲಸ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿಕೊಂಡಿರುವ ವಪೆ ಇವುಗಳಲ್ಲಿ ಮುಖ್ಯವಾದುದು. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮತ್ತು ಕುತ್ತಿಗೆಯ ಕೆಲವು ಸ್ನಾಯುಗಳು ಅದಕ್ಕೆ ನೆರವಾಗುತ್ತವೆ. ಕುಳಿತಿರುವಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿಯನ್ನು ಉಸಿರಾಡುತ್ತೇವೆ. ಏರು ಹತ್ತುವಾಗ ಅದು ಹಲವು ಪಟ್ಟು ಹೆಚ್ಚುತ್ತದೆ. ತೆಳುಗಾಳಿಯಲ್ಲಿ ಅದೇ ಏರಿಗೆ ಇನ್ನೂ ಹೆಚ್ಚು ಉಸಿರು ಬೇಕು. ವಪೆ ಅಲ್ಲಿ ಬಿಡುವಿಲ್ಲದೆ ದುಡಿಯುತ್ತದೆ.

ದುಡಿಯುವ ಸ್ನಾಯುವಿಗೂ ಆಮ್ಲಜನಕ ಬೇಕಷ್ಟೆ. ವಿಶ್ರಾಂತಿಯಲ್ಲಿ ಉಸಿರಾಟದ ಸ್ನಾಯುಗಳ ಖರ್ಚು ಗಣನೆಗೆ ಬಾರದಷ್ಟು ಅಲ್ಪ. ಅತ್ಯಂತ ಶ್ರಮದಲ್ಲಿ ಶರೀರದ ಒಟ್ಟು ಆಮ್ಲಜನಕದಲ್ಲಿ ಶೇ. 10ರಿಂದ 15ರಷ್ಟನ್ನು ಅವೇ ಬಳಸುತ್ತವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆರೋಮ್ ಡೆಂಪ್ಸಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಉಸಿರಾಟದ ಸ್ನಾಯುಗಳ ಹೊರೆ ವಿಪರೀತವಾದಾಗ ಶರೀರ ಕಾಲುಗಳ ರಕ್ತನಾಳಗಳನ್ನು ಬಿಗಿಗೊಳಿಸಿ, ಅಲ್ಲಿಗೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ವಾಣಿ ವಿಲಾಸ ಸಾಗರದ ನಾಲೆಯನ್ನು ಕಂಡ ಹಿರಿಯೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯಲ್ಲಿ ನೀರು ಕಡಿಮೆಯಿದ್ದಾಗ ಮೇಲಿನವರು ಮೊದಲು ಕಟ್ಟಿಕೊಂಡರೆ ಕೊನೆಯ ಹೊಲ ಒಣಗುತ್ತದೆ. ಏರಿನಲ್ಲಿ ಕಾಲು ಕಲ್ಲಾಯಿತು ಎಂದು ಕುಸಿದು ಕೂರುವವರಲ್ಲಿ ಕೆಲವರ ಸಮಸ್ಯೆ ಕಾಲಿನದಲ್ಲ, ಉಸಿರಿನದು.

ಕೈಕಾಲಿನ ಸ್ನಾಯುಗಳಂತೆಯೇ ಇವನ್ನೂ ಹೊರೆ ಕೊಟ್ಟು ಬಲಪಡಿಸಬಹುದು. ಅದಕ್ಕೆ ಕೈಯಲ್ಲಿ ಹಿಡಿಯುವ ಒಂದು ಸಣ್ಣ ಉಪಕರಣವಿದೆ. ಅದರ ಬಾಯಿಯ ಮೂಲಕ ಉಸಿರನ್ನು ಒಳಗೆಳೆದುಕೊಳ್ಳುವಾಗ ಒಂದು ಸ್ಪ್ರಿಂಗು ತಡೆಯೊಡ್ಡುತ್ತದೆ. ನಿಗದಿತ ಬಲ ಹಾಕಿದರೆ ಮಾತ್ರ ಗಾಳಿ ಒಳಬರುತ್ತದೆ. ಕೊರೊನಾ ಕಾಲದಿಂದ ಅನೇಕರ ಮನೆಗಳಲ್ಲಿ ಉಳಿದಿರುವ ಮೂರು ಚೆಂಡಿನ ಪ್ಲಾಸ್ಟಿಕ್ ಉಪಕರಣವನ್ನೇ ಇದೆಂದು ಭಾವಿಸಬಾರದು. ಅದು ಶಸ್ತ್ರಚಿಕಿತ್ಸೆಯಾದವರು ಆಳವಾಗಿ ಉಸಿರಾಡಲಿ ಎಂದು ಕೊಡುವಂಥದು. ಸ್ನಾಯುವಿಗೆ ಅಳತೆಯಾದ ಹೊರೆಯನ್ನು ಅದು ಕೊಡುವುದಿಲ್ಲ. ಹಾಗೆಯೇ ಶಂಖ ಊದುವುದು ಒಳ್ಳೆಯ ಅಭ್ಯಾಸವಾದರೂ ಅದು ಉಸಿರನ್ನು ಹೊರಹಾಕುವ ಸ್ನಾಯುಗಳಿಗೆ ಸಂಬಂಧಿಸಿದ್ದು. ಬೆಟ್ಟದಲ್ಲಿ ಮೊದಲು ದಣಿಯುವುದು ಉಸಿರನ್ನು ಒಳಗೆಳೆಯುವ ಸ್ನಾಯುಗಳು.

ಸಂಶೋಧನೆ ಹೇಳುವುದೆಷ್ಟು?

ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ನಾಲ್ಕು ವಾರ ಇಂಥ ತರಬೇತಿ ಕೊಟ್ಟು, ಆಮ್ಲಜನಕ ಕಡಿಮೆಯಿರುವ ಗಾಳಿಯಲ್ಲಿ ವ್ಯಾಯಾಮ ಮಾಡಿಸಿದರು. ಅವರ ವಪೆ ದಪ್ಪಗಾಗಿತ್ತು. ಅಷ್ಟೇ ಕೆಲಸಕ್ಕೆ ಮೊದಲಿಗಿಂತ ಕಡಿಮೆ ಉಸಿರು, ಕಡಿಮೆ ಆಮ್ಲಜನಕ ಸಾಕಾಯಿತು. ರಕ್ತದಲ್ಲಿನ ಆಮ್ಲಜನಕದ ಮಟ್ಟ ಅಷ್ಟಾಗಿ ಕುಸಿಯಲಿಲ್ಲ. ಆದರೆ ದಣಿದು ನಿಲ್ಲುವವರೆಗಿನ ಅವಧಿ ಗಮನಾರ್ಹವಾಗಿ ಹೆಚ್ಚಲಿಲ್ಲ. ಪರ್ವತಾರೋಹಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿಯೂ, ಐದು ಸಾವಿರ ಮೀಟರಿನ ಆಸುಪಾಸಿನಲ್ಲಿ ತರಬೇತಿ ಪಡೆದವರ ಆಮ್ಲಜನಕದ ಮಟ್ಟ ಇತರರಿಗಿಂತ ಮೇಲಿತ್ತು. ಆರು ವಾರಗಳ ತರಬೇತಿಯಿಂದ ತೆಳುಗಾಳಿಯಲ್ಲಿ ಸೈಕಲ್ ತುಳಿಯುವ ಸಾಮರ್ಥ್ಯ ಸುಧಾರಿಸಿದ್ದನ್ನು 2017ರ ಮತ್ತೊಂದು ಅಧ್ಯಯನ ವರದಿ ಮಾಡಿತು.

ಇವೆಲ್ಲವೂ ಕೆಲವೇ ಜನರ ಮೇಲೆ, ಬಹುಪಾಲು ಗಟ್ಟಿಮುಟ್ಟಾದ ಕಿರಿಯರ ಮೇಲೆ ನಡೆದವು. ಅರವತ್ತು ದಾಟಿದ ನಮ್ಮ ರೈತರಿಗೂ ಗೃಹಿಣಿಯರಿಗೂ ಅದೇ ಫಲ ಅಷ್ಟೇ ಪ್ರಮಾಣದಲ್ಲಿ ದೊರೆಯುತ್ತದೆ ಎಂದು ಹೇಳಲಾಗದು. ಈ ತರಬೇತಿ ಏದುಸಿರನ್ನು ಹಗುರಗೊಳಿಸುತ್ತದೆ, ಉಸಿರಾಟದ ಖರ್ಚನ್ನು ತಗ್ಗಿಸುತ್ತದೆ. ಅದು ಗಾಳಿಯಲ್ಲಿ ಇಲ್ಲದ ಆಮ್ಲಜನಕವನ್ನು ಸೃಷ್ಟಿಸುವುದಿಲ್ಲ. ಎತ್ತರದ ಕಾಯಿಲೆಗೆ ರಕ್ಷಾಕವಚವೂ ಅಲ್ಲ. ನಡಿಗೆಯ ಅಭ್ಯಾಸ ಮತ್ತು ನಿಧಾನವಾದ ಏರಿಕೆಗೆ ಅದು ಜೊತೆಗಾರನೇ ಹೊರತು ಬದಲಿಯಲ್ಲ.

'ನಾವು ನಿತ್ಯ ಪ್ರಾಣಾಯಾಮ ಮಾಡುತ್ತೇವೆ, ಬೆಟ್ಟ ನಮಗೇನೂ ಮಾಡದು' ಎನ್ನುವವರಿಗೂ ಒಂದು ಮಾತು. ಪ್ರಾಣಾಯಾಮದಿಂದ ಉಸಿರು ನಿಧಾನವಾಗುತ್ತದೆ, ಆಳವಾಗುತ್ತದೆ, ಮನಸ್ಸಿನ ಗಾಬರಿ ತಗ್ಗುತ್ತದೆ. ಇವು ಬೆಟ್ಟದಲ್ಲಿ ಉಪಯುಕ್ತವಾದ ಗುಣಗಳೇ. ಆದರೆ ಚಾಪೆಯ ಮೇಲೆ ಕುಳಿತು ಮಾಡಿದ ಅಭ್ಯಾಸ ಏರು ಹತ್ತುವ ಅಭ್ಯಾಸವಾಗಲಾರದು. ಏರಿನಲ್ಲಿ ನಿಂತು ಕುಂಭಕ ಮಾಡುವುದಂತೂ ಅಪಾಯಕರ. ಶ್ರಮದಿಂದ ಉಂಟಾದ ಏದುಸಿರನ್ನು ತಡೆಹಿಡಿದರೆ ಹೃದ್ರೋಗ, ಮೂರ್ಛೆಗಳು ಬರುವುವೆಂದು ಚರಕಾಚಾರ್ಯರೇ ಎಚ್ಚರಿಸಿದ್ದಾರೆ.

ಆಯುರ್ವೇದದ ಮೂರು ಎಚ್ಚರಿಕೆಗಳು

ಪ್ರಾಣವಹ ಸ್ರೋತಸ್ಸು ಕೆಡಲು ಚರಕಸಂಹಿತೆ ಹೇಳುವ ಕಾರಣಗಳಲ್ಲಿ ಧಾತುಕ್ಷಯ, ವೇಗಧಾರಣೆ, ಹಸಿದ ಹೊಟ್ಟೆಯಲ್ಲಿ ವ್ಯಾಯಾಮ ಈ ಮೂರೂ ಸೇರಿವೆ. ಕೇದಾರದ ದಾರಿಯಲ್ಲಿ ನಮ್ಮವರು ಮಾಡುವ ತಪ್ಪುಗಳ ಪಟ್ಟಿಯಂತೆಯೇ ಇದು ಕಾಣುತ್ತದೆ.

ಧಾತುಕ್ಷಯಕ್ಕೆ ನಮ್ಮ ಸೀಮೆಯಲ್ಲಿ ಸಾಮಾನ್ಯ ಉದಾಹರಣೆ ರಕ್ತಹೀನತೆ. ಆಮ್ಲಜನಕವನ್ನು ಹೊರುವುದು ರಕ್ತದ ಹಿಮೋಗ್ಲೋಬಿನ್. ಗಾಳಿಯೂ ತೆಳು, ರಕ್ತವೂ ತೆಳು ಎಂದಾದರೆ ಉಸಿರಾಟದ ಸ್ನಾಯುವನ್ನು ಎಷ್ಟು ಬಲಪಡಿಸಿಯೂ ಪ್ರಯೋಜನವಿಲ್ಲ. ನಮ್ಮ ಚಿಕಿತ್ಸಾಲಯಕ್ಕೆ ಯಾತ್ರೆಗೆ ಮೊದಲು ಬರುವ ತಾಯಂದಿರಿಗೆ ನಾವು ಬರೆದುಕೊಡುವ ಮೊದಲ ಪರೀಕ್ಷೆ ಇದೇ.

ವೇಗಧಾರಣೆಯೆಂದರೆ ಮಲಮೂತ್ರಾದಿಗಳನ್ನು ತಡೆಹಿಡಿಯುವುದು. ದಾರಿಯಲ್ಲಿ ಶೌಚಾಲಯ ಸರಿಯಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ಬೆಳಗಿನಿಂದ ನೀರನ್ನೇ ಕುಡಿಯದೆ ಹತ್ತುತ್ತಾರೆ. ತಣ್ಣನೆಯ ಒಣಗಾಳಿಯಲ್ಲಿ ಏದುಸಿರು ಬಿಡುವಾಗ ಉಸಿರಿನೊಡನೆಯೇ ಬಹಳಷ್ಟು ನೀರು ಹೋಗುತ್ತದೆ. ನೀರು ಕುಡಿಯದಿದ್ದರೆ ತಲೆನೋವು, ತಲೆಸುತ್ತು ಕಟ್ಟಿಟ್ಟ ಬುತ್ತಿ.

ಇನ್ನು ಹಸಿವು. ದರ್ಶನವಾಗುವವರೆಗೆ ನಿರಾಹಾರ ಎಂದು ಹರಕೆ ಹೊತ್ತವರು ಹಲವರು. ಶ್ರದ್ಧೆ ದೊಡ್ಡದು, ಆದರೆ ಕಾಯವನ್ನು ದೇಗುಲವೆಂದು ಕಂಡ ಪರಂಪರೆಯವರು ಕಾಯವನ್ನು ಹೀಗೆ ನಡೆಸಿಕೊಳ್ಳಬಾರದು. ಗಂಜಿ, ಅವಲಕ್ಕಿ, ಬೆಲ್ಲ, ಖರ್ಜೂರ, ಬೇಯಿಸಿದ ಆಲೂಗೆಡ್ಡೆಯಂಥ ಹಗುರವಾದ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ತೆಗೆದುಕೊಳ್ಳುತ್ತಲೇ ಏರಬೇಕು.

ಒಂಬತ್ತು ವಾರಗಳ ಸಿದ್ಧತೆ

ಕೇದಾರದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖಿಮಠದಲ್ಲಿ ಘೋಷಿಸುತ್ತಾರೆ. ಬಾಗಿಲು ತೆರೆಯುವುದು ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ; ಅದೇ ನಮಗೆ ಬಸವ ಜಯಂತಿ. ಈ ಎರಡು ಪರ್ವಗಳ ನಡುವೆ ಸುಮಾರು ಒಂಬತ್ತು ವಾರಗಳಿವೆ. ಉಸಿರಾಟದ ಸ್ನಾಯು ಬಲಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಡಿಗೆಯ ರೂಢಿಗೆ ಎಂಟು ವಾರ. ಪಂಚಾಂಗವೇ ನಮಗೆ ತರಬೇತಿಯ ಅವಧಿಯನ್ನು ಗೊತ್ತುಮಾಡಿಕೊಟ್ಟಂತಿದೆ.

ಮೊದಲನೆಯ ವಾರ ವೈದ್ಯರ ತಪಾಸಣೆ. ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಇ.ಸಿ.ಜಿ. ಇಷ್ಟು ಎಲ್ಲರಿಗೂ. ಭೀಮಸಮುದ್ರದ ಸುತ್ತಲಿನ ಅದಿರಿನ ಧೂಳಿನಲ್ಲಿ ದುಡಿದವರು, ಹತ್ತಿಯ ಜಿನ್ನಿಂಗ್ ಕಾರ್ಖಾನೆಯಲ್ಲಿದ್ದವರು, ಬೀಡಿ ಸೇದುವವರು, ದಶಕಗಳ ಕಾಲ ಸೌದೆ ಒಲೆಯ ಮುಂದೆ ಕುಳಿತ ತಾಯಂದಿರು ಶ್ವಾಸಕೋಶದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ. ಹೃದ್ರೋಗ, ಹತೋಟಿಯಿಲ್ಲದ ರಕ್ತದೊತ್ತಡ, ತೀವ್ರ ಉಬ್ಬಸ ಇರುವವರಿಗೆ ತಜ್ಞರು ಬೇಡವೆಂದರೆ ಬೇಡ. ಅಲ್ಲಿ ಹರಕೆಯ ಮಾತು ನಡೆಯಬಾರದು.

ಎರಡನೆಯ ವಾರದಿಂದ ಬೆಳಗಿನ ನಡಿಗೆ. ಬಿಸಿಲೇರುವ ಮೊದಲೇ ಮುಗಿಸಬೇಕು. ಚಿತ್ರದುರ್ಗದವರಿಗೆ ಕೋಟೆಯ ಮೆಟ್ಟಿಲುಗಳೂ ಜೋಗಿಮಟ್ಟಿಯ ರಸ್ತೆಯೂ ಇವೆ. ಹಿರಿಯೂರಿನವರಿಗೆ ಮಾರಿಕಣಿವೆಯ ಸುತ್ತಲಿನ ಗುಡ್ಡಗಳಿವೆ. ಹೊಸದುರ್ಗ, ಹೊಳಲ್ಕೆರೆಯವರಿಗೂ ಊರಿನ ಹತ್ತಿರದಲ್ಲೇ ಏರುಗಳಿಗೆ ಕೊರತೆಯಿಲ್ಲ. ಅರ್ಧ ಗಂಟೆಯಿಂದ ಆರಂಭಿಸಿ ಎರಡು ಗಂಟೆಯವರೆಗೆ ಬೆಳೆಸಬೇಕು. ವಾರಕ್ಕೊಮ್ಮೆ ದೀರ್ಘ ನಡಿಗೆ, ಕೊನೆಯ ವಾರಗಳಲ್ಲಿ ಬೆನ್ನಿಗೆ ನಾಲ್ಕೈದು ಕಿಲೋ ಚೀಲ. ಅಳತೆ ಯಾವುದು? ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂಬುದು ಆಯುರ್ವೇದದ ನಿಯಮ. ಮೂಗಿನ ಉಸಿರು ಸಾಲದೆ ಬಾಯಿಯಿಂದ ಉಸಿರಾಡುವಂತಾದಾಗ ಅರ್ಧಶಕ್ತಿ ಮುಗಿಯಿತೆಂದು ಸುಶ್ರುತಾಚಾರ್ಯರು ಲಕ್ಷಣ ಹೇಳಿದ್ದಾರೆ. ಜೊತೆಯವರೊಡನೆ ಮಾತಾಡುತ್ತ ನಡೆಯಬಲ್ಲಿರಾದರೆ ನಡಿಗೆ ಹಿತವಾಗಿದೆ ಎಂದು ಇಂದಿನ ವ್ಯಾಯಾಮ ತಜ್ಞರು ಹೇಳುವುದೂ ಇದನ್ನೇ.

ಮೂರನೆಯ ವಾರದಿಂದ ಉಸಿರಿನ ತರಬೇತಿ. ಉಪಕರಣವಿರುವವರು ಬೆನ್ನು ನೇರವಾಗಿಟ್ಟು ಕುಳಿತು ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು ಉಸಿರು ತೆಗೆದುಕೊಳ್ಳಬೇಕು. ಒಳಗೆ ಜೋರಾಗಿ, ಹೊರಗೆ ನಿಧಾನವಾಗಿ. ಹೊರೆ ತಮ್ಮ ಗರಿಷ್ಠ ಬಲದ ಅರ್ಧದಷ್ಟಿರಲಿ. ಮೂವತ್ತನೆಯ ಉಸಿರು ಕಷ್ಟವೆನಿಸಬೇಕು, ಅಸಾಧ್ಯವೆನಿಸಬಾರದು. ವಾರಕ್ಕೊಮ್ಮೆ ತುಸು ಏರಿಸಬೇಕು. ತಲೆ ಹಗುರವಾದಂತಾದರೆ ನಿಲ್ಲಿಸಿ ಸುಧಾರಿಸಿಕೊಳ್ಳಬೇಕು. ಇತ್ತೀಚೆಗೆ ಎದೆ, ಹೊಟ್ಟೆ, ಕಣ್ಣಿನ ಶಸ್ತ್ರಚಿಕಿತ್ಸೆಯಾದವರು, ಹರ್ನಿಯಾ ಇರುವವರು, ಕಿವಿಯ ತಮಟೆ ಹರಿದವರು, ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವ ತೊಂದರೆ ಇದ್ದವರು ಇದಕ್ಕೆ ಕೈಹಾಕಬಾರದು.

ಉಪಕರಣ ಕೊಳ್ಳಲಾಗದವರು ಹೊಟ್ಟೆಯ ಮೇಲೆ ಅಂಗೈಯಿಟ್ಟು, ಅದು ಮೇಲೇಳುವಂತೆ ವಪೆಯಿಂದ ಉಸಿರಾಡುವುದನ್ನೂ, ಗಂಟಲನ್ನು ತುಸು ಸಂಕುಚಿತಗೊಳಿಸಿ ಉಸಿರೆಳೆಯುವ ಉಜ್ಜಾಯಿಯನ್ನೂ ಅಭ್ಯಾಸ ಮಾಡಬಹುದು. ಇದರ ಹೊರೆ ಕಡಿಮೆ, ಅಳೆಯಲೂ ಬಾರದು. ಆದರೂ ಅವಸರದ ಮೇಲುಸಿರು ತಪ್ಪಿ ಆಳವಾದ ಉಸಿರು ರೂಢಿಯಾಗುವುದೇ ಒಂದು ಲಾಭ. ಬೀಡಿ, ಸಿಗರೇಟುಗಳನ್ನು ಶಿವರಾತ್ರಿಯಂದೇ ಬಿಟ್ಟರೆ ಅದಕ್ಕಿಂತ ದೊಡ್ಡ ತರಬೇತಿ ಇಲ್ಲ.

ಬೆಟ್ಟದ ಮೇಲೆ

ಎಷ್ಟೇ ತರಬೇತಿಯಾಗಿದ್ದರೂ ಎತ್ತರಕ್ಕೆ ಹೊಂದಿಕೊಳ್ಳಲು ಶರೀರಕ್ಕೆ ದಿನಗಳು ಬೇಕು. ಹರಿದ್ವಾರದಿಂದ ಹೊರಟ ಮರುದಿನವೇ ಕೇದಾರದಲ್ಲಿರಬೇಕೆಂಬ ಆತುರ ಬೇಡ. ಊಖಿಮಠ ಅಥವಾ ಗುಪ್ತಕಾಶಿಯಲ್ಲಿ ಒಂದು ರಾತ್ರಿ, ಎರಡು ಸಾವಿರ ಮೀಟರ್ ಆಸುಪಾಸಿನ ಗೌರಿಕುಂಡದಲ್ಲಿ ಮತ್ತೊಂದು ರಾತ್ರಿ ಕಳೆದು ಮೇಲೇರಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬುದು ಪರ್ವತ ವೈದ್ಯಶಾಸ್ತ್ರದ ನಿಯಮ. ಕೇದಾರದ ದಾರಿಯಲ್ಲಿ ಅದನ್ನು ಪೂರ್ಣವಾಗಿ ಪಾಲಿಸಲಾಗದು. ಆದುದರಿಂದಲೇ ಕೆಳಗಿನ ಎರಡು ರಾತ್ರಿಗಳನ್ನು ಕೈಬಿಡಬಾರದು. ದರ್ಶನ ಮುಗಿದ ಮೇಲೆ ಅಲ್ಲಿ ದಿನಗಟ್ಟಲೆ ತಂಗದೆ ಇಳಿಯುವುದು ಕ್ಷೇಮ.

ಕರ್ಪೂರವನ್ನು ಮೂಸಿದರೆ ಆಮ್ಲಜನಕ ಹೆಚ್ಚುವುದೆಂಬ ನಂಬಿಕೆ ಹರಡಿದೆ. ಮೂಗಿಗೆ ತಂಪಾಗುತ್ತದೆ, ಅಷ್ಟೆ. ರಕ್ತದ ಆಮ್ಲಜನಕ ಏರುವುದಿಲ್ಲ. ದಾರಿಯಲ್ಲಿ ಮಾರುವ ಸಣ್ಣ ಆಮ್ಲಜನಕದ ಡಬ್ಬಿಗಳು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಎತ್ತರದ ಕಾಯಿಲೆಯನ್ನು ತಡೆಯಲು ಅಸೆಟಜೋಲಮೈಡ್ ಎಂಬ ಅಲೋಪತಿ ಔಷಧಿಯಿದೆ. ಬೇಕೋ ಬೇಡವೋ ಎಂಬುದನ್ನು ಊರಿನಲ್ಲೇ ವೈದ್ಯರನ್ನು ಕೇಳಿ ನಿರ್ಧರಿಸಿಕೊಳ್ಳಬೇಕು.

ಶ್ರಮದಿಂದ ಬಂದ ಏದುಸಿರನ್ನು ಆಯುರ್ವೇದ ಕ್ಷುದ್ರ ಶ್ವಾಸವೆನ್ನುತ್ತದೆ. ಕುಳಿತು ಸುಧಾರಿಸಿಕೊಂಡರೆ ಅದು ತಾನಾಗಿ ಶಮನವಾಗುತ್ತದೆ. ಕುಳಿತರೂ ಶಮನವಾಗದ ಏದುಸಿರು, ನಿಲ್ಲದ ಕೆಮ್ಮು, ನೊರೆಯಂಥ ಕಫ, ಎದೆನೋವು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಇವುಗಳಲ್ಲಿ ಒಂದು ಕಂಡರೂ ಕೂಡಲೇ ವೈದ್ಯಕೀಯ ನೆರವು ಪಡೆದು ಕೆಳಗಿಳಿಯಬೇಕು. ರಾತ್ರಿ ಕಳೆಯಲಿ, ದರ್ಶನವಾಗಲಿ ಎಂದು ಕಾಯಬಾರದು. ಗರ್ಭಗುಡಿ ಒಂದು ಕಿಲೋಮೀಟರ್ ದೂರವಿದ್ದರೂ ಹಿಂದಿರುಗಬೇಕು. ತಂಡದ ಮುಖಂಡರಿಗೆ ಈ ನಿರ್ಧಾರ ಮಾಡುವ ಅಧಿಕಾರವನ್ನು ಹೊರಡುವಾಗಲೇ ಎಲ್ಲರೂ ಒಪ್ಪಿ ಕೊಟ್ಟಿರಬೇಕು.

ಶ್ರೀಮಠಗಳಲ್ಲಿ ನಮ್ಮ ವಿನಂತಿ

ಇಷ್ಟನ್ನು ಒಬ್ಬೊಬ್ಬರೇ ಮನೆಯಲ್ಲಿ ಮಾಡಿಕೊಳ್ಳುವುದು ಕಷ್ಟ. ನಾಲ್ಕು ಜನ ಕೂಡಿದರೆ ಸುಲಭ. ಆದುದರಿಂದ ಶ್ರೀಮಠವೂ ನಮ್ಮ ಜಿಲ್ಲೆಯ ಇತರ ಮಠಗಳೂ ಯಾತ್ರಾರ್ಥಿಗಳ ಹೆಸರನ್ನು ಶಿವರಾತ್ರಿಯ ಹೊತ್ತಿಗೇ ಬರೆದುಕೊಳ್ಳುವ ಪದ್ಧತಿಯನ್ನು ಆರಂಭಿಸಬೇಕೆಂದು ನಾವು ಪ್ರಾರ್ಥಿಸುತ್ತೇವೆ. ತಪಾಸಣೆಗೆ ಒಂದು ದಿನ ಶಿಬಿರ, ಪ್ರತಿ ಭಾನುವಾರ ಸಾಮೂಹಿಕ ಗುಡ್ಡದ ನಡಿಗೆ, ಉಸಿರಿನ ಅಭ್ಯಾಸವನ್ನು ಕಲಿಸಲು ವೈದ್ಯರೊಬ್ಬರು, ಇಷ್ಟು ಸಾಕು. ಹೆಚ್ಚಿನ ಖರ್ಚಿಲ್ಲ. ಉಸಿರಿನ ಉಪಕರಣಗಳನ್ನು ದಾನಿಗಳು ಕೊಡಿಸಬಹುದು. ಬಾಯಿಗಿಡುವ ಭಾಗ ಮಾತ್ರ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿರಬೇಕು. ಅಲೋಪತಿ, ಆಯುರ್ವೇದ ಎಂಬ ಭೇದವಿಲ್ಲದೆ ನಾಲ್ಕೂ ತಾಲ್ಲೂಕುಗಳ ವೈದ್ಯರು ಈ ಕಾಯಕಕ್ಕೆ ಕೈಜೋಡಿಸುವರೆಂಬ ಭರವಸೆ ನಮಗಿದೆ, ನಾವಂತೂ ಸಿದ್ಧರಿದ್ದೇವೆ.

ತಪಾಸಣೆಯಲ್ಲಿ ಬೇಡವೆನಿಸಿಕೊಂಡವರು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಕರಸ್ಥಲದಲ್ಲಿ ಇಷ್ಟಲಿಂಗವಿರುವ ಶರಣರಿಗೆ ದರ್ಶನದ ಕೊರತೆಯೆಲ್ಲಿಯದು? ಹೋಗುವವರು ಸಿದ್ಧರಾಗಿ ಹೋಗಲಿ, ಹೋದವರೆಲ್ಲರೂ ಮನೆಗೆ ಮರಳಲಿ. ಈ ವರ್ಷ ಯಾತ್ರೆಯ ಆಲೋಚನೆಯಲ್ಲಿರುವವರು ಟಿಕೆಟ್ಟು ಕೊಳ್ಳುವ ಮೊದಲು ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು, ನಾಳೆ ಬೆಳಿಗ್ಗೆ ಅರ್ಧ ಗಂಟೆ ಏರುದಾರಿಯಲ್ಲಿ ನಡೆದುಬರಲಿ.